ಸಲಮಾಂಕಾಕ್ಕೆ ಹೋಗದವರು

ಬೀಜಾಡಿ
೮ ಜೂನ್ ೨೦೨೫

ಉಮಾವತಿ ಟೀಚರಿಗೆ ಪ್ರೇಕ್ಷಾಳ ನಮಸ್ಕಾರಗಳು.

ನನ್ನ ನೆನಪು ನಿಮಗಿದೆಯೋ ಇಲ್ಲವೋ ಗೊತ್ತಿಲ್ಲ. ಬ್ರಹ್ಮಾವರದ ಶಾಲೆಯಲ್ಲಿ ಎಂಟರಿಂದ ಹತ್ತನೇ ತರಗತಿಯವರೆಗೆ ನಿಮ್ಮ ಹತ್ತಿರ ಸ್ಪ್ಯಾನಿಶ್ ಕಲಿತ ಹದಿನಾಲ್ಕು ಮಕ್ಕಳಲ್ಲಿ ನಾನೊಬ್ಬಳು. ಕಿಟಕಿ ಪಕ್ಕದ ಎರಡನೇ ಬೆಂಚು. ಶಾಲೆಯ ವ್ಯಾನ್ ಓಡಿಸುತ್ತಿದ್ದ ಚೆನ್ನಯ್ಯನವರ ತಂಗಿಯ ಮಗಳು ಎಂದರೆ ನೆನಪಾದೀತು. ನಾವು ಹತ್ತನೇ ಮುಗಿಸಿದ್ದು ೨೦೧೨ರಲ್ಲಿ.

ನಿಮ್ಮ ವಿಳಾಸ ಶಾಲೆಯ ಆಫೀಸಿನಲ್ಲಿ ಸಿಕ್ಕಿತು. ಅವರು ಕೊಟ್ಟ ಫೋನ್ ನಂಬರ್ ಈಗ ಬಳಕೆಯಲ್ಲಿಲ್ಲ. ಹಾಗಾಗಿ ಈ ಕಾಗದ.

ನಾನೀಗ ಸಾಸ್ತಾನದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೇನೆ. ಈ ವರ್ಷ ಎಂಟನೇ ತರಗತಿಗೆ ಒಂದು ವಿದೇಶಿ ಭಾಷೆ ಬೇಕೆಂದು ಆಡಳಿತ ಮಂಡಳಿಯವರು ಹೊರಟಿದ್ದಾರೆ. ನನ್ನ ಹಳೆಯ ಅಂಕಪಟ್ಟಿ ಹೆಡ್‌ಮಾಸ್ಟರ ಕಣ್ಣಿಗೆ ಬಿತ್ತು. "ಸ್ಪ್ಯಾನಿಶ್, ತೊಂಬತ್ನಾಲ್ಕು!" ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಓದಿ, "ಹ್ವಾಯ್ ಪ್ರೇಕ್ಷಾ ಟೀಚರೇ, ಹೊರಗಿಂದ ಜನ ಎಂತಕೆ? ನೀವೇ ಮಾಡಿ ಕಾಂಬ" ಎಂದರು. ಹದಿಮೂರು ವರ್ಷದಿಂದ ಆ ಭಾಷೆಯ ಒಂದು ಮಾತನ್ನೂ ಬಾಯಿಗೆ ತಂದವಳಲ್ಲ ಎಂದು ಹೇಳಬೇಕಿತ್ತು. ಹೇಳಲಿಲ್ಲ.

ಎರಡು ತಿಂಗಳಿಂದ ಆನ್‌ಲೈನಿನಲ್ಲಿ ಮತ್ತೆ ಕಲಿಯುತ್ತಿದ್ದೇನೆ. ಆದರೆ ಅವರ ಪಾಠವೆಲ್ಲ ಇಂಗ್ಲಿಷಿನ ದಾರಿಯಿಂದ ಬರುತ್ತದೆ. ನೀವು ಕನ್ನಡದಿಂದ ನೇರ ದಾಟಿಸುತ್ತಿದ್ದಿರಿ. ಮೊದಲ ದಿನ ಬೋರ್ಡಿನ ಮೇಲೆ ಞ ಬರೆದು, "ಒಂದನೇ ತರಗತಿಯಿಂದ ಕೆಲಸವಿಲ್ಲದೆ ಕೂತಿದ್ದಾನೆ ಇವನು. ಇವತ್ತು ಇವನಿಗೆ ನೌಕರಿ ಸಿಕ್ಕಿತು" ಎಂದು ಹೇಳಿ, 'ಮಞಾನ' ಎಂದು ಹದಿನಾಲ್ಕು ಮಂದಿಯ ಬಾಯಲ್ಲೂ ಹೇಳಿಸಿದಿರಿ. ನಾಳೆ ಎಂದು ಅರ್ಥ. ಆ ಪಾಠದ ಪುಸ್ತಕಗಳನ್ನು ನೀವು ಇಟ್ಟುಕೊಂಡಿದ್ದರೆ ಜೆರಾಕ್ಸ್ ಮಾಡಿಸಿ ಕಳಿಸಬಹುದೇ? ಕೇಳಲು ನನಗೆ ಬೇರೆ ಯಾರೂ ಇಲ್ಲ.

ನಮ್ಮ ವರ್ಷ ಸ್ಪೇನಿನ ಸಲಮಾಂಕಾಕ್ಕೆ ಹೋಗಿಬಂದ ಸೌಮ್ಯಶ್ರೀಯ ಹತ್ತಿರ ಕೇಳಿದ್ದೆ. ಅವಳಿಗೆ ಈಗ ಏನೂ ನೆನಪಿಲ್ಲವಂತೆ.

ಇಂತು,
ಪ್ರೇಕ್ಷಾ


ಮುಲುಂಡ್, ಮುಂಬಯಿ
೧೯ ಜೂನ್ ೨೦೨೫

ಪ್ರೀತಿಯ ಪ್ರೇಕ್ಷಾ,

ನೆನಪಿದೆಯೋ ಇಲ್ಲವೋ ಎಂದು ಕೇಳಿದ್ದಿ. ಎರಡನೇ ಬೆಂಚಿನಲ್ಲಿ ಕೂತು, ನಾನು ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಹೇಳಿ, ಆಮೇಲೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದವಳನ್ನು ಮರೆಯಲು ನನಗಿನ್ನೂ ಅಷ್ಟು ವಯಸ್ಸಾಗಿಲ್ಲ. ನಿನ್ನ ಕಾಗದ ಬಂದ ದಿನ ತಮ್ಮನ ಹೆಂಡತಿ, "ಏನಕ್ಕಾ, ಒಬ್ಬರೇ ನಗುತ್ತಿದ್ದೀರಿ?" ಎಂದು ಎರಡು ಸಲ ಅಡುಗೆಮನೆಯಿಂದ ಬಂದು ನೋಡಿದಳು. ನಮ್ಮವರು ತೀರಿಕೊಂಡ ಮೇಲೆ ನಾನು ತಮ್ಮನ ಮನೆಯಲ್ಲೇ ಇದ್ದೇನೆ.

ನಾನು ಹುಟ್ಟಿ ಬೆಳೆದದ್ದು ಈ ಊರಿನಲ್ಲಿ, ನಿಮ್ಮ ಕುಂದಾಪುರದ ಭಾಷೆ ನನಗೆ ಸ್ಪ್ಯಾನಿಶ್‌ಗಿಂತ ಕಷ್ಟವಾಗಿತ್ತು ಎಂಬುದು ನಿನಗೆ ಗೊತ್ತಿತ್ತೇ? ಮದುವೆಯಾಗಿ ಬ್ರಹ್ಮಾವರಕ್ಕೆ ಬಂದ ಹೊಸತರಲ್ಲಿ ರಸ್ತೆಯಲ್ಲಿ ಯಾರಾದರೂ 'ಹ್ವಾಯ್' ಎಂದರೆ ಬೈಯುತ್ತಿದ್ದಾರೆ ಎಂದುಕೊಳ್ಳುತ್ತಿದ್ದೆ. ಆಮೇಲೆ ಒಂದು ದಿನ ತರಗತಿಯಲ್ಲಿ 'ಓಯೆ' ಎಂಬ ಶಬ್ದ ಬಂತು. ಯಾರನ್ನಾದರೂ ಕರೆಯುವಾಗ ಹೇಳುವುದು ಎಂದು ವಿವರಿಸಲು ಒದ್ದಾಡುತ್ತಿದ್ದಾಗ ನೀನೇ ಎದ್ದು ನಿಂತು, "ಟೀಚರ್, ಅದ್ ನಮ್ಮ ಹ್ವಾಯ್ ಅಲ್ದಾ!" ಎಂದೆ. ಆವತ್ತಿನಿಂದ ನನಗೆ ಎರಡೂ ಭಾಷೆ ಸಲೀಸಾದವು. 'ತು' ಎಂದರೆ ನೀನು, 'ಉಸ್ತೆದ್' ಎಂದರೆ ನೀವು. ಇಂಗ್ಲಿಷ್ ಪುಸ್ತಕದಲ್ಲಿ ಅದಕ್ಕೆ ಮೂರು ಪುಟದ ವಿವರಣೆಯಿತ್ತು. ನಿಮಗೆ ಮೂರು ನಿಮಿಷವೂ ಬೇಕಾಗಲಿಲ್ಲ.

ಮೀನು ಮಾರ್ಕೆಟ್ಟಿಗೆ ಕರೆದುಕೊಂಡು ಹೋದದ್ದು ನೆನಪಿದೆಯಾ? ಬಂಗುಡೆಗೆ 'ಕಬಾಯ' ಎಂದು ನೀವು ಹದಿನಾಲ್ಕು ಮಂದಿ ಒಟ್ಟಿಗೆ ಕೂಗಿದಾಗ ಮೀನು ಮಾರುವ ಬಾಗಿ ತಲೆಯೆತ್ತಿ, "ನನ್ ಮೀನಿಗೆ ಎಂತಕೆ ಬೈತ್ರಿ ಮಕ್ಳೇ?" ಎಂದಿದ್ದಳು. ಮರುವಾರ ನಾನು ಹೋದಾಗ ಅವಳೇ, "ಟೀಚರೇ, ಕಬಾಯ ಲಾಯ್ಕಿತ್ತ್, ತಕಣಿ" ಎಂದಳು. ನಾನು ಕಲಿಸಿದವರಲ್ಲಿ ಆ ಶಬ್ದವನ್ನು ದಿನವೂ ಬಳಸಿದವಳು ಅವಳೊಬ್ಬಳೇ ಇರಬೇಕು.

ನನ್ನ ಏಳು ನೋಟ್‌ಪುಸ್ತಕಗಳನ್ನು ಪಾರ್ಸೆಲ್ ಮಾಡಿದ್ದೇನೆ. ಜೆರಾಕ್ಸ್ ಅಲ್ಲ, ಅವೇ. ನನಗಿನ್ನು ಯಾತಕ್ಕೆ?

ಅಮ್ಮ ಸುಗುಣ ಹೇಗಿದ್ದಾರೆ? ಈಗಲೂ ಗೇರುಬೀಜದ ಕಾರ್ಖಾನೆಗೆ ಹೋಗುತ್ತಾರಾ? ಬೆರಳುಗಳ ಆ ಕಪ್ಪು ಕಲೆ ಎಷ್ಟು ತಿಕ್ಕಿದರೂ ಹೋಗುವುದಿಲ್ಲ ಎಂದು ಸೆರಗಿನಲ್ಲಿ ಕೈ ಮುಚ್ಚಿಕೊಳ್ಳುತ್ತಿದ್ದರು. ನಾನು ಕೇಳಿದೆನೆಂದು ಹೇಳು.

ನಿನ್ನ
ಉಮಾವತಿ ಟೀಚರ್


ಬೀಜಾಡಿ
೬ ಜುಲೈ ೨೦೨೫

ಟೀಚರಿಗೆ ನಮಸ್ಕಾರ.

ಪುಸ್ತಕಗಳು ಬಂದವು. ಒಂದೊಂದನ್ನೂ ನಿಧಾನಕ್ಕೆ ನೋಡಿದೆ. ನಿಮ್ಮ ಕೆಂಪು ಶಾಯಿ, ಅಂಚಿನಲ್ಲಿ ಕನ್ನಡದ ಟಿಪ್ಪಣಿ, 'ಸುಜಿತ್ ಇಲ್ಲಿ ನಕ್ಕ, ಇನ್ನೊಮ್ಮೆ ಹೇಳಬೇಕು' ಎಂಬಂಥ ಸಾಲುಗಳು. ಮಧ್ಯಾಹ್ನ ಊಟವಾದ ಮೇಲಿನ ಪೀರಿಯಡ್. ಮೆಟ್ಟಿಲ ಕೆಳಗಿನ ಆ ಸಣ್ಣ ಕೋಣೆ. ಹೈವೇ ಅಗಲ ಮಾಡುವ ಕೆಂಪು ಧೂಳು ಬೆಂಚಿನ ಮೇಲೆ ಕೂತರೆ ನಾವು ಅದರಲ್ಲೇ ಬೆರಳಿನಿಂದ ಕ್ರಿಯಾಪದ ಬರೆಯುತ್ತಿದ್ದೆವು. 'ಬೊಯ್' ಎಂದರೆ ಹೋಗುತ್ತೇನೆ, ನಮ್ಮ 'ಹೋತೆ'; 'ಬೆಂಗೊ' ಎಂದರೆ ಬರುತ್ತೇನೆ, ನಮ್ಮ 'ಬತ್ತೆ'. ನಾನು ಎಂಬುದನ್ನು ಬೇರೆ ಹೇಳುವುದೇ ಬೇಡ, ಕ್ರಿಯಾಪದದ ಬಾಲದಲ್ಲೇ ಇದೆ ಎಂದು ನೀವು ತೋರಿಸಿದ್ದಿರಿ.

ನನ್ನ ತರಗತಿ ಶುರುವಾಗಿದೆ. ಒಂಬತ್ತು ಮಕ್ಕಳು. ಞ ಬರೆದೇ ಪ್ರಾರಂಭಿಸಿದೆ. ನಕ್ಕರು.

ಈಗ ಒಂದು ಪ್ರಶ್ನೆ. ನನ್ನ ಅಮ್ಮ ನಮ್ಮ ಶಾಲೆಗೆ ಒಂದು ದಿನವೂ ಬಂದವಳಲ್ಲ. ಪೋಷಕರ ಸಭೆಗೆ ಬರುತ್ತಿದ್ದುದು ಚೆನ್ನಯ್ಯ ಮಾವ. ಅಮ್ಮನ ಹೆಸರು, ಕಾರ್ಖಾನೆ, ಸೆರಗಿನಲ್ಲಿ ಕೈ ಮುಚ್ಚಿಕೊಳ್ಳುವುದು, ಇದೆಲ್ಲ ನಿಮಗೆ ಹೇಗೆ ಗೊತ್ತು?

ಇಷ್ಟು ಬರೆದ ಮೇಲೆ ಇನ್ನೊಂದನ್ನೂ ಬರೆದುಬಿಡುತ್ತೇನೆ. ಹದಿಮೂರು ವರ್ಷ ಒಳಗಿಟ್ಟುಕೊಂಡದ್ದು. ಪ್ರತಿ ವರ್ಷ ನಮ್ಮ ಶಾಲೆಯಿಂದ ಒಬ್ಬರನ್ನು ಮೂರು ವಾರಕ್ಕೆ ಸಲಮಾಂಕಾದ ಶಾಲೆ ಕರೆಸಿಕೊಳ್ಳುತ್ತಿತ್ತು. ನಮ್ಮ ವರ್ಷ ನನ್ನ ಹೆಸರು ಎಂದು ನೀವೇ ಹೇಳಿದಿರಿ, ಫಾರಂ ಕೊಟ್ಟಿರಿ. ವಾರ ಕಳೆಯುವುದರೊಳಗೆ ವರಾಂಡದಲ್ಲಿ ನಿಲ್ಲಿಸಿ, "ಈ ಸಲ ಸೌಮ್ಯಶ್ರೀ ಹೋಗುತ್ತಾಳೆ" ಎಂದಿರಿ. ಯಾಕೆ ಎಂದು ಕೇಳಿದರೆ ನನ್ನ ಮುಖ ನೋಡಲಿಲ್ಲ. ಅವಳಿಗೆ ಎಂಬತ್ತೊಂದು, ನನಗೆ ತೊಂಬತ್ನಾಲ್ಕು. ಅವಳ ಅಪ್ಪ ಶಾಲೆಗೆ ಸಭಾಂಗಣ ಕಟ್ಟಿಸಿಕೊಟ್ಟವರು. ಹದಿನೈದು ವರ್ಷದ ಹುಡುಗಿಗೂ ಅಷ್ಟು ಅರ್ಥವಾಗುತ್ತದೆ. ಬೀಳ್ಕೊಡುಗೆಗೆ ನಾನು ಬಾರದೆ ಇದ್ದದ್ದು ಜ್ವರದಿಂದಲ್ಲ.

ನೀವು ಆವತ್ತು ಮಾಡಿದ್ದು ಸರಿ ಎಂದು ಈಗಲೂ ಅನ್ನಿಸುತ್ತದೆಯೇ?

ಪ್ರೇಕ್ಷಾ


ಮುಲುಂಡ್
೧೫ ಜುಲೈ ೨೦೨೫

ಪ್ರೇಕ್ಷಾ,

ಹೆಸರು ಬದಲಾಯಿಸಿದವಳು ನಾನು. ಅದರ ಹೊಣೆ ನನ್ನದು. ಸಭಾಂಗಣಕ್ಕೂ ಅದಕ್ಕೂ ಸಂಬಂಧವಿಲ್ಲ, ಆದರೆ ನೀನು ನಂಬಬೇಕೆಂದು ನಾನು ಒತ್ತಾಯಿಸಲಾರೆ.

ನಿನ್ನ ಅಮ್ಮನ ವಿಚಾರ ನಿಮ್ಮ ಮಾವ ಎಂದೋ ಹೇಳಿದ್ದಿರಬೇಕು. ವಯಸ್ಸಾಯಿತು, ಯಾರು ಏನು ಹೇಳಿದರೆಂದು ನೆನಪಿರುವುದಿಲ್ಲ. ಮಾವನನ್ನು ಈ ಬಗ್ಗೆ ಏನೂ ಕೇಳಬೇಡ.

ಮಕ್ಕಳಿಗೆ ಚೆನ್ನಾಗಿ ಕಲಿಸು.

ಉಮಾವತಿ


ಬೀಜಾಡಿ
೨೪ ಆಗಸ್ಟ್ ೨೦೨೫

ಪ್ರೀತಿಯ ಟೀಚರ್,

ನಿಮ್ಮ ಕಾಗದಕ್ಕೆ ಉತ್ತರ ಬರೆಯಬಾರದೆಂದೇ ಇದ್ದೆ. ಪುಸ್ತಕಗಳನ್ನು ವಾಪಸು ಕಳಿಸುವುದೆಂದು ಡಬ್ಬಿಯನ್ನೂ ತಂದಿದ್ದೆ. ಹೋದ ಭಾನುವಾರ ಬೆಳಿಗ್ಗೆ ಜಗಲಿಯಲ್ಲಿ ಕೂತು ಅವನ್ನು ಡಬ್ಬಿಗೆ ತುಂಬುತ್ತಿದ್ದೆ. ಅಮ್ಮ ಪಕ್ಕದಲ್ಲೇ ಹಲಸಿನ ಬೀಜದ ಸಿಪ್ಪೆ ಬಿಡಿಸುತ್ತಿದ್ದಳು. ಯಾರದು ಎಂದು ಕೇಳಿದಳು. ನಾನು ಸಿಟ್ಟಿನಲ್ಲಿ ನಿಮ್ಮ ಹೆಸರು ಹೇಳಿ, ಹೇಳಬಾರದ ಒಂದೆರಡು ಮಾತನ್ನೂ ಹೇಳಿದೆ. ಕ್ಷಮಿಸಿ.

ಅಮ್ಮ ಚೂರಿ ಕೆಳಗಿಟ್ಟಳು.

"ಆ ಟೀಚರಿಗ್ ಎಂತದೂ ಹೇಳ್ಬ್ಯಾಡ ಮಗಾ. ನಿನ್ ಹೆಸ್ರ್ ತೆಗ್ಸದ್ ನಾನ್."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅವಳು ಹಲಸಿನ ಬೀಜವನ್ನೇ ನೋಡುತ್ತಾ ಹೇಳಿದಳು. ಅವಳ ಮಾತನ್ನು ಹಾಗೆಯೇ ಬರೆಯುತ್ತೇನೆ.

"ಆ ಫಾರಮಂಗೆ ಅಪ್ಪಯ್ಯನ್ ಸೈನ್ ಬೇಕಿದ್ದಿತ್, ಪಾಸ್‌ಪೋರ್ಟ್ ಮಾಡುಕೆ. ನೀ ಮೂರ್ ದಿನ ಅದನ್ ಪುಸ್ತಕದೊಳ್ಗೆ ಇಟ್ಕಂಡ್ ತಿರ್ಗ್ದೆ. 'ಅಪ್ಪಯ್ಯಂಗೆ ಬೊಂಬಾಯಿಗ್ ಪೋಸ್ಟ್ ಮಾಡ್ವ, ಸೈನ್ ಹಾಕಿ ಕಳ್ಸ್ತ್ರ್' ಅಂದೆ. ಎಲ್ಲಿಗ್ ಕಳ್ಸುದ್? ಅವ್ರ್ ಬೇರೆ ಸಂಸಾರ ಮಾಡಿ ಆಗ್ಳಿಕೇ ಮೂರ್ ವರ್ಷ ಆಯಿತ್. ನಿಂಗೆ ನಾನ್ ಹೇಳಿರ್ಲಿಲ್ಲೆ. ನೀ ಶಾಲಿಗ್ ಹೋಯಿಲ್ಲದ ಒಂದ್ ಶನಿವಾರ ನಾನ್ ಬಸ್ ಹತ್ತಿ ಬ್ರಹ್ಮಾವರಕ್ಕ್ ಹೋದೆ."

ನೀವು ಅವಳನ್ನು ಮೆಟ್ಟಿಲ ಕೆಳಗಿನ ನಮ್ಮ ಕೋಣೆಯಲ್ಲೇ ಕೂರಿಸಿ ಚಹಾ ತರಿಸಿಕೊಟ್ಟಿರಂತೆ. ನನ್ನ ಬೆಂಚು ಯಾವುದೆಂದು ತೋರಿಸಿದಿರಂತೆ.

"ಟೀಚರ್ ಒಂದ್ ದಾರಿ ಇತ್ತ್ ಅಂದ್ರ್. ಗಂಡ ಬಿಟ್ಟ್ ಹೋಯಿರ್ ಅಂತ ವಕೀಲ್ರ ಹತ್ರ ಕಾಗ್ದ ಮಾಡ್ಸಿರೆ ನನ್ ಸೈನ್ ಒಂದೇ ಸಾಕಂಬ್ರ್. ನಾನೇ ಕರ್ಕಂಡ್ ಹೋತೆ ಅಂದ್ರ್. ನಂಗ್ ಧೈರ್ಯ ಬರ್ಲಿಲ್ಲೆ. ಆ ಕಾಗ್ದ ನಿನ್ ಕೈಗ್ ಸಿಕ್ಕಿರೆ? ಮಾರ್ಚಿಗೆ ನಿನ್ ಪರೀಕ್ಷಿ. ಊರೋರಿಗ್ ಗೊತ್ತಾರೆ? ಅವ್ರ್ ಕೈ ಹಿಡ್ಕಂಡ್, ಹೆಸ್ರ್ ತೆಗಿನಿ, ಹೆಣ್ಣಿಗ್ ಮಾತ್ರ ಹೇಳ್ಬೇಡಿ ಅಂದೆ."

ಆಮೇಲೆ ಅವಳು ಇನ್ನೊಂದು ಮಾತು ಹೇಳಿದಳು. ಅದನ್ನು ಬರೆಯುವುದೋ ಬೇಡವೋ ಎಂದು ವಾರವಿಡೀ ಯೋಚಿಸಿದೆ.

"ನೀ ಅವ್ರ್ ಮೇಲ್ ಸಿಟ್ಟ್ ಮಾಡ್ಕಂಡದ್ ನಂಗ್ ಗೊತ್ತಾಯ್ತ್. ನನ್ ಮೇಲ್ ಮಾಡುಕಿಂತ ಅವ್ರ್ ಮೇಲ್ ಮಾಡಿರ್ ಅಡ್ಡಿಲ್ಲೆ ಅಂದ್ಕಂಡೆ. ಅವ್ರ್ ದೂರದವ್ರ್. ನಂಗ್ ಮನಿಯಂಗೆ ನೀ ಒಬ್ಳೇ ಅಲ್ದಾ."

ಅಪ್ಪಯ್ಯನ ಸಂಗತಿ ನನಗೆ ೨೦೧೫ರಲ್ಲಿ, ಡಿಗ್ರಿಯಲ್ಲಿದ್ದಾಗ, ಮುಂಬಯಿಯಿಂದ ಬಂದ ನೆಂಟರ ಬಾಯಿಂದಲೇ ತಿಳಿಯಿತು. ಅಳುತ್ತಾ ಬಂದು ಅಮ್ಮನಿಗೆ ಹೇಳಿದೆ. ಆಗಲೂ ಅವಳು ಸಲಮಾಂಕಾದ ವಿಷಯ ಎತ್ತಲಿಲ್ಲ. ಈ ಭಾನುವಾರ ನನಗೆ ಅದಕ್ಕೇ ಹೆಚ್ಚು ಸಿಟ್ಟು ಬಂತು. ಎರಡು ದಿನ ಅವಳ ಹತ್ತಿರ ಮಾತಾಡಲಿಲ್ಲ. ಮೂರನೇ ದಿನ ಶಾಲೆಯಿಂದ ಬಂದರೆ, ಡಬ್ಬಿಗೆ ತುಂಬಿದ್ದ ನಿಮ್ಮ ಪುಸ್ತಕಗಳನ್ನೆಲ್ಲ ಹೊರತೆಗೆದು, ಒರಸಿ, ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದಳು. ಅವಳಿಗೆ ಅಕ್ಷರ ಬರುವುದು ಕಷ್ಟದಿಂದ. ಆದರೂ ಒಂದರಿಂದ ಏಳರವರೆಗೆ ಕ್ರಮ ತಪ್ಪಿರಲಿಲ್ಲ. ನಾನು ಚಹಾ ಮಾಡಿ ಅವಳಿಗೂ ಕೊಟ್ಟೆ. ಅಷ್ಟೇ. ನಮ್ಮ ಮನೆಯಲ್ಲಿ ರಾಜಿಯಾಗುವುದು ಹಾಗೆಯೇ.

ಟೀಚರ್, ೨೦೧೪ರಲ್ಲಿ ಒಮ್ಮೆ ಕುಂದಾಪುರದ ಬಸ್ ಸ್ಟ್ಯಾಂಡಿನಲ್ಲಿ ನೀವು ನನ್ನನ್ನು ನೋಡಿ ಕೈಯೆತ್ತಿದ್ದಿರಿ. ನಾನು ಕಾಣದವಳಂತೆ ರಸ್ತೆ ದಾಟಿದೆ. ಬೇರೆ ಯಾರೋ ಇರಬಹುದು ಎಂದು ನೀವು ತಿಳಿದುಕೊಂಡಿರಬಹುದು. ಅದು ನಾನೇ.

ಕ್ಷಮೆ ಕೇಳಲು ತಕ್ಕ ಮಾತು ಸಿಗುತ್ತಿಲ್ಲ, ಎರಡು ಭಾಷೆಯಲ್ಲೂ.

ನಿಮ್ಮ
ಪ್ರೇಕ್ಷಾ


ಮುಲುಂಡ್
೫ ಸೆಪ್ಟೆಂಬರ್ ೨೦೨೫

ನನ್ನ ಪ್ರೀತಿಯ ಪ್ರೇಕ್ಷಾ,

ಅದು ನೀನೇ ಎಂದು ನನಗೆ ಆವತ್ತೇ ಗೊತ್ತಿತ್ತು. ಹೋಗಲಿ ಬಿಡು.

ನಿನ್ನ ಅಮ್ಮ ಹೇಳಿದ್ದೆಲ್ಲ ನಿಜ. ಒಂದನ್ನು ಅವರು ಹೇಳಲಿಲ್ಲ, ಯಾಕೆಂದರೆ ಅದು ಅವರಿಗೆ ಗೊತ್ತಿಲ್ಲ. ಅದನ್ನು ನಾನೇ ಹೇಳಬೇಕು. ನಾನು ಅವರಿಗೆ ಮಾತು ಕೊಟ್ಟೆ, ಕೊಟ್ಟ ಮಾತು ಉಳಿಸಿಕೊಂಡೆ ಎಂದು ಇಷ್ಟು ವರ್ಷ ನನ್ನನ್ನು ನಾನೇ ಮೆಚ್ಚಿಕೊಂಡಿದ್ದೇನೆ. ಆದರೆ ಆ ಶನಿವಾರ ಅವರು ಹೊರಟುಹೋದ ಮೇಲೆ ನನಗೆ ಒಂದು ಬಗೆಯಲ್ಲಿ ಹಗುರವಾಯಿತು. ಹೆಸರು ಕಳಿಸಲು ಹದಿನೈದೇ ದಿನ ಇತ್ತು. ವಕೀಲರು, ಅಫಿಡವಿಟ್ಟು, ಉತ್ತರ ಕೊಡಬೇಕಾದ ಹೆಡ್‌ಮಾಸ್ಟರು. ಸೌಮ್ಯಶ್ರೀಯ ಪಾಸ್‌ಪೋರ್ಟ್ ತಯಾರಿತ್ತು. ಇನ್ನೊಮ್ಮೆ ನಿಮ್ಮ ಮನೆಗೆ ಬಂದು ಅವರ ಮನವೊಲಿಸಲು ನೋಡಬಹುದಿತ್ತು. ಬೀಜಾಡಿ ಎಷ್ಟು ದೂರ? ಬರಲಿಲ್ಲ. ನಿನ್ನ ಮುಖ ನೋಡಲಾಗದೆ ಹೋದದ್ದು ಅದಕ್ಕೇ. ಹಾಗಾಗಿ ನಿನ್ನ ಸಿಟ್ಟು ಪೂರ್ತಿ ತಪ್ಪು ವಿಳಾಸಕ್ಕೆ ಬಂದದ್ದಲ್ಲ.

ಇನ್ನೊಂದು. ನೀವೆಲ್ಲ ನನ್ನನ್ನು ಕೇಳುತ್ತಿದ್ದಿರಿ, "ಟೀಚರ್, ಸಲಮಾಂಕಾ ಹ್ಯಾಂಗಿತ್ತ್?" ಎಂದು. ನಾನು ಹೇಳುತ್ತಿದ್ದೆ: ಊರ ನಡುವೆ ದೊಡ್ಡ ಚೌಕ, ಸುತ್ತ ಕಮಾನುಗಳು, ಸಂಜೆಯ ಬಿಸಿಲಿಗೆ ಕಲ್ಲೆಲ್ಲ ಬಂಗಾರದ ಬಣ್ಣ. ನೀವು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಿರಿ. ಪ್ರೇಕ್ಷಾ, ನಾನು ಸ್ಪೇನನ್ನು ನೋಡಿಯೇ ಇಲ್ಲ. ಇಲ್ಲಿ ಮುಂಬಯಿಯ ಫೋರ್ಟ್ ಬಡಾವಣೆಯಲ್ಲಿದ್ದ ಅಪ್ಪನ ಹೋಟೆಲಿನ ಎದುರು ಒಂದು ಸಂಜೆ ತರಗತಿ ನಡೆಯುತ್ತಿತ್ತು. ಅಲ್ಲಿ ಕಲಿತೆ. ಅಲ್ಲಿನ ಗೋಡೆಯ ಮೇಲೆ ಆ ಚೌಕದ ಚಿತ್ರವಿತ್ತು, ನಾಲ್ಕು ವರ್ಷ ಅದನ್ನೇ ನೋಡಿದ್ದೆ. ಪ್ರತಿ ವರ್ಷ ಆಯ್ಕೆಯಾದ ಮಗುವಿನ ಜೊತೆ ಹೋಗುತ್ತಿದ್ದುದು ಹೆಡ್‌ಮಾಸ್ಟರು. ೨೦೧೩ರಲ್ಲಿ ನನ್ನ ಸರದಿ ಬಂತು. ಟಿಕೇಟೂ ಆಗಿತ್ತು. ಆಗ ನಮ್ಮವರಿಗೆ, ಭೋಜರಾಜರಿಗೆ, ಹೃದಯದ ಆಪರೇಷನ್ ಆಯಿತು. ಮುಂದಿನ ವರ್ಷ ಅಲ್ಲಿನವರು ಕರೆಸುವುದನ್ನೇ ನಿಲ್ಲಿಸಿದರು. ಹೋಗಿಲ್ಲ ಎಂದು ನಿಮ್ಮ ಹತ್ತಿರ ಹೇಳಲು ನಾಚಿಕೆಯಾಗುತ್ತಿತ್ತು. ಆಮೇಲೆ ಹೇಳಲು ತರಗತಿಯೇ ಉಳಿಯಲಿಲ್ಲ.

ನೀನಾದರೂ ಒಂದು ಪಾಸ್‌ಪೋರ್ಟ್ ಮಾಡಿಸಿಡು. ಎಲ್ಲಿಗೂ ಹೋಗದಿದ್ದರೂ ಇರಲಿ. ಈಗ ಅದಕ್ಕೆ ಯಾರ ಸಹಿಯೂ ಬೇಡ.

ಸುಗುಣ ಅವರಿಗೆ ನನ್ನ ನಮಸ್ಕಾರ ಹೇಳು. ಅವರು ಮಾಡಿದ್ದನ್ನು ನಾನು ಎಂದೂ ತಪ್ಪು ಎಂದುಕೊಂಡಿಲ್ಲ ಎಂದೂ ಹೇಳು.

ಉಮಾವತಿ


ಬೀಜಾಡಿ
೧೪ ಡಿಸೆಂಬರ್ ೨೦೨೫

ಪ್ರೀತಿಯ ಟೀಚರ್,

ತಡವಾಯಿತು. ಬರೆಯಲು ವಿಷಯ ಪೂರ್ತಿಯಾಗಲಿ ಎಂದು ಕಾದೆ.

ನಿಮ್ಮ ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ. ನೀವು ಸ್ಪೇನಿಗೆ ಹೋಗಿಲ್ಲ ಎಂಬಲ್ಲಿ ಅವಳು ನನ್ನನ್ನು ತಡೆದು, "ಟೀಚರೂ ಹೋಯಿಲ್ಯಾ?" ಎಂದು ಎರಡು ಸಲ ಕೇಳಿದಳು.

ಅಕ್ಟೋಬರಿನಲ್ಲಿ ಉಡುಪಿಗೆ ಹೋಗಿ ಪಾಸ್‌ಪೋರ್ಟಿಗೆ ಅರ್ಜಿ ಕೊಟ್ಟೆ. ತಂದೆಯ ಹೆಸರು ಬರೆಯದೆ ತಾಯಿಯ ಹೆಸರೊಂದನ್ನೇ ಬರೆದರೂ ಆಗುತ್ತದೆ ಈಗ. ಹಾಗೆಯೇ ಬರೆದೆ. ನವೆಂಬರಿನ ಒಂದು ಬೆಳಿಗ್ಗೆ ವಿಚಾರಣೆಗೆ ಪೊಲೀಸಿನವರು ಮನೆಗೆ ಬಂದರು. ನಾನು ಒಳಗೆ ಆಧಾರ್ ಕಾರ್ಡು ಹುಡುಕುತ್ತಿದ್ದೆ. ಅಮ್ಮ ಜಗಲಿಯಲ್ಲಿದ್ದಳು.

"ಯಜಮಾನ್ರ್ ಎಲ್ಲಿದ್ರ್?" ಎಂದು ಆತ ಕೇಳಿದ್ದು ನನಗೆ ಒಳಗೆ ಕೇಳಿಸಿತು. ಅಮ್ಮ ಎಂದಿನಂತೆ 'ಬೊಂಬಾಯಂಗಿದ್ರ್' ಎನ್ನುತ್ತಾಳೆ ಎಂದುಕೊಂಡೆ. ಪಕ್ಕದ ಮನೆಯ ಚಂದ್ರಮತಿ ಬೇರೆ ಬೇಲಿಯ ಹತ್ತಿರವೇ ಬಟ್ಟೆ ಹರವುತ್ತಿದ್ದರು.

"ಬಿಟ್ಟ್ ಹೋಯಿರ್," ಎಂದಳು ಅಮ್ಮ. ಗಟ್ಟಿಯಾಗಿಯೇ. "ಹದ್ನೇಳ್ ವರ್ಷ ಆಯ್ತ್. ಬೊಂಬಾಯಂಗೆ ಬೇರೆ ಸಂಸಾರ ಇತ್ತ್. ಬರ್ಕಣಿ."

"ಅದೆಲ್ಲ ಬರೂದ್ ಬ್ಯಾಡ ಅಮ್ಮ, ತಾಯಿ ಹೆಸ್ರ್ ಇದ್ರೆ ಸಾಕ್."

"ಸಾಕಾರೂ ಬರ್ಕಣಿ."

ಆತ ಬರೆದುಕೊಂಡನೋ, ಬರೆದುಕೊಂಡಂತೆ ಮಾಡಿದನೋ ನನಗೆ ಗೊತ್ತಿಲ್ಲ. ನಾನು ಕಾರ್ಡು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ. ಬೇಲಿಯಾಚೆ ಚಂದ್ರಮತಿ ಒಂದೇ ಸೀರೆಯನ್ನು ಮತ್ತೆ ಮತ್ತೆ ಕೊಡವುತ್ತಿದ್ದರು. ಅಮ್ಮನ ಮುಖ ಕೆಂಪಾಗಿತ್ತು, ಆದರೆ ಕೈ ಸೆರಗಿನ ಹೊರಗಿತ್ತು. ಪೊಲೀಸಿನವನು ಹೋದ ಮೇಲೆ ಅವಳು ಏನೂ ಆಗಿಲ್ಲವೆಂಬಂತೆ ಬಾವಿಕಟ್ಟೆಗೆ ಹೋಗಿ ಮುಖ ತೊಳೆದಳು. ತೊಳೆಯುತ್ತಲೇ ಇದ್ದಳು. ನಾನು ಹತ್ತಿರ ಹೋಗಿ ನಿಂತೆ.

ನಿನ್ನೆ ಪಾಸ್‌ಪೋರ್ಟ್ ಬಂತು. ಕವರನ್ನು ಅಮ್ಮನೇ ಒಡೆದಳು. ನನ್ನ ಫೋಟೋ ನೋಡಿ, ಉಳಿದ ಹಾಳೆಗಳನ್ನು ಒಂದೊಂದಾಗಿ ಮಗುಚಿದಳು.

"ಎಲ್ಲ ಖಾಲಿ ಇತ್ತಲೆ ಮಗಾ!"

"ಹೋದಲ್ಲಿ ಸೀಲ್ ಹಾಕ್ತ್ರ್ ಅಮ್ಮ."

"ಮತ್ತೆ? ಹೋಯ್ಕಲೆ," ಎಂದಳು. ಪಾಸ್‌ಪೋರ್ಟನ್ನು ಮತ್ತೆ ಕವರಿಗೆ ಹಾಕುತ್ತಾ, "ಟೀಚರಿಗೂ ಕೇಣ್. ಅವ್ರೂ ಕಾಂಬುಕ್ ಉಳ್ದಿರಲೆ."

ಅದಕ್ಕೇ ಕೇಳುತ್ತಿದ್ದೇನೆ. ಹೊರದೇಶದ ಸ್ಪ್ಯಾನಿಶ್ ಟೀಚರುಗಳಿಗೆ ಬರುವ ಜುಲೈಯಲ್ಲಿ ಸಲಮಾಂಕಾದಲ್ಲಿ ಎರಡು ವಾರದ ತರಬೇತಿ ಇದೆ. ನಿವೃತ್ತರೂ ಬರಬಹುದಂತೆ. ನಮ್ಮ ಶಾಲೆಯವರು ರಜೆಗೆ ಒಪ್ಪಿದ್ದಾರೆ. ಅರ್ಜಿ ಕಳಿಸಲು ಜನವರಿ ಕೊನೆಯವರೆಗೆ ಸಮಯವಿದೆ. ತುಂಬಿ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ.

ಒಂದು ಹೆಸರು ಬರೆದಿದ್ದೇನೆ. ಎರಡನೆಯದನ್ನು ಬರೆಯಲೇ, ಟೀಚರ್?

ನಿಮ್ಮ
ಪ್ರೇಕ್ಷಾ